ಕಾಯಿಲೆಯ ಮನೆ, ಮಾರುವವನ ಮೌನ

ಮನೆಯ ದೋಷಗಳು ಎರಡು ಬಗೆಯವು. ಬಿರುಕು ಬಿಟ್ಟ ಗೋಡೆ, ಸೋರುವ ತಾರಸಿ, ಗೆದ್ದಲು ಹಿಡಿದ ಬಾಗಿಲು ನೋಡಲು ಬಂದವರ ಕಣ್ಣಿಗೆ ಬೀಳುತ್ತವೆ. ಅವನ್ನು ಮುಂದಿಟ್ಟುಕೊಂಡು ಬೆಲೆ ಇಳಿಸಲೂಬಹುದು. ಇನ್ನೊಂದು ಬಗೆಯವು ಕಣ್ಣಿಗೂ ಮೂಗಿಗೂ ಸಿಕ್ಕುವುದಿಲ್ಲ. ಹಳೆಯ ಬಣ್ಣದೊಳಗಿನ ಸೀಸ, ಛಾವಣಿಯ ಕಲ್ನಾರಿನ ಎಳೆ, ತಳದ ಬಂಡೆಯಿಂದ ಮೇಲೇರುವ ರೇಡಾನ್ ಅನಿಲ, ಕೊಳವೆಬಾವಿ ನೀರಿನ ಫ್ಲೋರೈಡ್, ನಿವೇಶನದ ಅಡಿಯಲ್ಲಿ ಯಾವಾಗಲೋ ಹೂತ ಕಾರ್ಖಾನೆಯ ತ್ಯಾಜ್ಯ ಈ ಗುಂಪಿಗೆ ಸೇರುತ್ತವೆ. ಅಲ್ಲಿ ಬಾಳುವವರ ಮೈಯಲ್ಲಿ ಇವು ಗುರುತು ತೋರುವ ಹೊತ್ತಿಗೆ ಹಲವು ವರ್ಷ ಉರುಳಿರುತ್ತವೆ. ಮನೆ ಮಾರಿದವನು ಹಣ ಎಣಿಸಿಕೊಂಡು ಎಂದೋ ಹೋಗಿರುತ್ತಾನೆ.

ಇಂಥ ಮನೆಯ ಮಾರಾಟ ಧರ್ಮಶಾಸ್ತ್ರಕ್ಕೂ ನೀತಿಶಾಸ್ತ್ರಕ್ಕೂ ಮೂರು ಪ್ರಶ್ನೆಗಳನ್ನು ಒಡ್ಡುತ್ತದೆ. ಮಾರುವವನು ತನಗೆ ತಿಳಿದ ದೋಷವನ್ನು ತಾನಾಗಿ ಹೇಳಬೇಕೆ? ತಿಳಿಯದಿದ್ದರೆ ತಿಳಿದುಕೊಳ್ಳುವ ಹೊಣೆ ಅವನಿಗಿದೆಯೆ? ಹೇಳಿಬಿಟ್ಟರೆ ಅಲ್ಲಿಗೆ ಹೊಣೆ ತೀರಿತೆ? ಮೊದಲನೆಯದಕ್ಕೆ ಬೇರೆ ಬೇರೆ ಕಾಲದ, ಬೇರೆ ಬೇರೆ ನಾಡಿನ ಪರಂಪರೆಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿವೆ. ಉಳಿದೆರಡರ ಉತ್ತರ ಅಷ್ಟು ಸಲೀಸಲ್ಲ. ಇಂದಿನ ಮನೆಗಳ ಅಪಾಯಗಳು ಹೆಚ್ಚಾಗಿ ಕೆಣಕುವುದು ಈ ಎರಡನ್ನೇ.

ಇಬ್ಬರು ಸ್ಟೋಯಿಕರ ವಾದ

ರೋಮಿನ ವಾಗ್ಮಿ ಸಿಸೆರೊ ಕ್ರಿ.ಪೂ. 44ರಲ್ಲಿ, ಅಥೆನ್ಸ್‌ನಲ್ಲಿ ಓದುತ್ತಿದ್ದ ಮಗನನ್ನು ಉದ್ದೇಶಿಸಿ ಕರ್ತವ್ಯಗಳ ಕುರಿತು 'ದೆ ಆಫಿಸಿಯಿಸ್' ಎಂಬ ಗ್ರಂಥ ಬರೆದ. ಲಾಭಕ್ಕೂ ನ್ಯಾಯಕ್ಕೂ ತಿಕ್ಕಾಟ ಬಂದಾಗ ಏನು ಮಾಡಬೇಕೆಂಬುದು ಅದರ ಮೂರನೆಯ ಸಂಪುಟದ ವಿಷಯ. ಅಲ್ಲಿ ಬರುವ ಉದಾಹರಣೆಗಳಲ್ಲಿ ಒಂದು ಮನೆಯದು. ಒಬ್ಬ ಸಭ್ಯ ಗೃಹಸ್ಥ ಮನೆ ಮಾರಲು ಹೊರಟಿದ್ದಾನೆ. ಊರಿನವರೆಲ್ಲ ಅದು ಆರೋಗ್ಯಕರವಾದ ಮನೆ ಎಂದು ತಿಳಿದಿದ್ದಾರೆ. ನಿಜದಲ್ಲಿ ಅಲ್ಲಿದ್ದವರು ಕಾಯಿಲೆ ಬೀಳುತ್ತಾರೆ. ಮಲಗುವ ಕೋಣೆಗಳಲ್ಲೆಲ್ಲ ಹಾವು ಕಾಣಿಸಿಕೊಳ್ಳುತ್ತದೆ, ಮರಮುಟ್ಟು ಕಳಪೆ, ಕಟ್ಟಡ ಕುಸಿಯುವಂತಿದೆ. ಇದು ಗೊತ್ತಿರುವುದು ಮಾಲೀಕನೊಬ್ಬನಿಗೇ. ಬಾಯಿ ಬಿಡದೆ ಅವನು ತಾನು ನೆನೆಸಿದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರಿದರೆ ಅದು ಅನ್ಯಾಯವೆ?

ಸಿಸೆರೊ ಈ ಪ್ರಶ್ನೆಯ ಮೇಲೆ ಕ್ರಿ.ಪೂ. 2ನೆಯ ಶತಮಾನದ ಇಬ್ಬರು ಸ್ಟೋಯಿಕ್ ದಾರ್ಶನಿಕರನ್ನು ಎದುರುಬದುರು ನಿಲ್ಲಿಸುತ್ತಾನೆ. ಒಬ್ಬ ಬ್ಯಾಬಿಲೋನಿನ ಡಯೋಜಿನಿಸ್, ಇನ್ನೊಬ್ಬ ಅವನ ಶಿಷ್ಯ, ಟಾರ್ಸಸ್‌ನ ಆಂಟಿಪೇಟರ್. ಶಿಷ್ಯನ ಪ್ರಕಾರ ಇದು ಖಂಡಿತ ಅನ್ಯಾಯ. ದಾರಿ ತಪ್ಪಿದವನಿಗೆ ದಾರಿ ತೋರಿಸದವನನ್ನು ಅಥೆನ್ಸ್‌ನಲ್ಲಿ ಬಹಿರಂಗವಾಗಿ ಶಪಿಸುತ್ತಿದ್ದರು. ಗೊತ್ತಿದ್ದೂ ಇನ್ನೊಬ್ಬನನ್ನು ತಪ್ಪಿನೊಳಕ್ಕೆ ನೂಕುವುದು ಅದಕ್ಕಿಂತ ಹೇಯ. ಗುರು ಇದನ್ನು ಒಪ್ಪುವುದಿಲ್ಲ. ಮಾರುವವನು ಕೊಳ್ಳೆಂದು ಬಲವಂತ ಮಾಡಲಿಲ್ಲ, ಹೊಗಳಲೂ ಇಲ್ಲ. ತನಗೆ ಬೇಡವಾದದ್ದನ್ನು ಮಾರಾಟಕ್ಕಿಟ್ಟ, ಬೇಕೆನಿಸಿದವನು ಕೊಂಡ. ಚೆನ್ನಾಗಿ ಕಟ್ಟಿದ ಒಳ್ಳೆಯ ಮನೆ ಎಂದು ಸುಳ್ಳೇ ಸಾರುವವರನ್ನೂ ಲೋಕ ಮೋಸಗಾರರೆಂದು ಕರೆಯದಿರುವಾಗ, ಬರೀ ಸುಮ್ಮನಿದ್ದವನು ಮೋಸಗಾರನಾಗುವುದು ಹೇಗೆ? ರೋಗ ತರುವ ಮನೆ ಮಾರಾಟಕ್ಕಿದೆ ಎಂದು ಡಂಗುರ ಹೊಡೆಸುವುದಕ್ಕಿಂತ ಹಾಸ್ಯಾಸ್ಪದವಾದದ್ದು ಇನ್ನೇನಿದೆ?

ಡಯೋಜಿನಿಸನ ವಾದದ ಬುಡದಲ್ಲಿರುವುದು ಸುಮ್ಮನಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂಬ ವಿಂಗಡಣೆ. ಕೇಳಿದವನಿಗೆ ಉಪಯೋಗವಾಗುವ ಪ್ರತಿಯೊಂದು ಮಾತನ್ನೂ ಹೇಳಲೇಬೇಕೆಂಬ ಕಟ್ಟಳೆ ಇಲ್ಲ. ಸಿಸೆರೊ ಈ ವಿಂಗಡಣೆಯನ್ನು ತಳ್ಳಿಹಾಕದೆ ಅದರ ಗೆರೆಯನ್ನು ಬೇರೆ ಕಡೆ ಎಳೆಯುತ್ತಾನೆ. ತಿಳಿದರೆ ಇನ್ನೊಬ್ಬನಿಗೆ ಒಳಿತಾಗುವ ಸಂಗತಿಯನ್ನು ತನ್ನ ಲಾಭಕ್ಕಾಗಿ ಅವನಿಂದ ದೂರವಿಟ್ಟರೆ ಆ ಮೌನವೇ ಮುಚ್ಚಿಡುವಿಕೆ ಎಂದು ಅವನ ತೀರ್ಮಾನ. ಗೋಡೆಯ ತೇವದ ಕಲೆಗೆ ಪುಟ್ಟಿ ಮೆತ್ತಿ ಹೊಸ ಬಣ್ಣ ಬಳಿಯುವುದು ಮುಚ್ಚಿಡುವಿಕೆ ಎಂಬುದನ್ನು ಡಯೋಜಿನಿಸನೂ ಅಲ್ಲಗಳೆಯಲಾರ. ಅದೇ ಕಲೆಯ ಮುಂದೆ ಬೀರು ನಿಲ್ಲಿಸಿ ಮಾತು ಹೊರಳಿಸುವವನೂ ಅದೇ ಸಾಲಿನವನು ಎನ್ನುವಲ್ಲಿ ಸಿಸೆರೊನ ಗೆರೆ ಬೀಳುತ್ತದೆ.

ರೋಮಿನ ನ್ಯಾಯಾಲಯಗಳು ಆ ಹೊತ್ತಿಗೆ ಇದೇ ದಾರಿ ಹಿಡಿದಿದ್ದವು ಎಂಬುದಕ್ಕೆ ಅವನು ಒಂದು ಮೊಕದ್ದಮೆಯನ್ನು ವಿವರಿಸುತ್ತಾನೆ. ಕ್ಲಾಡಿಯಸ್ ಸೆಂಟುಮಾಲಸ್ ಎಂಬವನ ಕಟ್ಟಡ ಕೇಲಿಯನ್ ಗುಡ್ಡದ ಮೇಲಿತ್ತು. ಅದರ ಎತ್ತರ ಶಕುನ ನೋಡುವ ಪುರೋಹಿತರ ದೃಷ್ಟಿಗೆ ಅಡ್ಡಬಂದಿದ್ದರಿಂದ, ಆ ಭಾಗವನ್ನು ಕೆಡವಬೇಕೆಂದು ಅವರು ಆಜ್ಞೆ ಮಾಡಿದರು. ಕ್ಲಾಡಿಯಸ್ ತುಟಿ ಬಿಚ್ಚದೆ ಕಟ್ಟಡವನ್ನು ಕಲ್ಪುರ್ನಿಯಸ್ ಲಾನಾರಿಯಸ್‌ಗೆ ಮಾರಿದ. ಕೊಂಡವನಿಗೂ ಅದೇ ಆಜ್ಞೆ ಬಂತು, ಅವನು ಕೆಡವಿದ; ಆಮೇಲೆ ಅಸಲು ಸಂಗತಿ ತಿಳಿದು ದಾವೆ ಹೂಡಿದ. ಮಾರುವಾಗ ಗೊತ್ತಿದ್ದೂ ಹೇಳದ ಕಾರಣ ನಷ್ಟ ಕಟ್ಟಿಕೊಡಬೇಕೆಂದು ನ್ಯಾಯಾಧೀಶ ಮಾರ್ಕಸ್ ಕೇಟೊ ತೀರ್ಪಿತ್ತ. ಸಿಸೆರೊ ಇದರ ಜೊತೆಗೇ ಎದುರು ಬಗೆಯ ಪ್ರಕರಣವನ್ನೂ ಇಡುತ್ತಾನೆ. ಗ್ರಾಟಿಡಿಯಾನಸ್ ಎಂಬವನು ಮನೆಯೊಂದನ್ನು, ಅದನ್ನು ತನಗೆ ಮಾರಿದ್ದ ಒರಾಟನಿಗೇ ಕೆಲವು ವರ್ಷಗಳ ನಂತರ ತಿರುಗಿ ಮಾರಿದ. ಆ ಮನೆಯ ಮೇಲೆ ಬೇರೆಯವರಿಗಿದ್ದ ಹಕ್ಕನ್ನು ಹೇಳಲಿಲ್ಲವೆಂದು ಒರಾಟ ತಕರಾರು ತೆಗೆದ. ಹಿಂದೆ ತಾನೇ ಮಾಲೀಕನಾಗಿದ್ದವನಿಗೆ ಅದು ಗೊತ್ತೇ ಇತ್ತಲ್ಲ ಎಂಬುದು ಎದುರು ವಕೀಲನ ವಾದ. ಎರಡನ್ನೂ ಸೇರಿಸಿ ನೋಡಿದರೆ ನಿಯಮ ಸ್ಪಷ್ಟವಾಗುತ್ತದೆ: ಹೇಳುವ ಹೊಣೆ ಹುಟ್ಟುವುದು ಒಬ್ಬನಿಗೆ ತಿಳಿದು ಇನ್ನೊಬ್ಬನಿಗೆ ತಿಳಿಯದಿರುವ ಕಡೆ.

ಧರ್ಮಗಳ ಒಮ್ಮತ

13ನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ತನ್ನ 'ಸುಮ್ಮಾ ಥಿಯೊಲಾಜಿಕಾ'ದಲ್ಲಿ ಮೋಸದ ಮಾರಾಟದ ಬಗ್ಗೆ ಬರೆಯುವಾಗ ಸಿಸೆರೊನನ್ನು ಎದುರಿಗಿಟ್ಟುಕೊಂಡೇ ಬರೆದಿದ್ದಾನೆ. ಕುದುರೆ ಒಕ್ಕಣ್ಣಿನದೆಂದು ನೋಡಿದರೇ ತಿಳಿಯುತ್ತದೆ. ಬೆಲೆ ಇಳಿಸಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕಿಲ್ಲ. ಆದರೆ ದೋಷ ಒಳಗಿದ್ದು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವುದಾದರೆ ಹೇಳದಿರುವುದು ಪಾಪ. ಬೀಳುವಂತಿರುವ ಮನೆಯನ್ನು ಗಟ್ಟಿ ಮನೆ ಎಂದು ಮಾರುವುದೂ ಕೆಟ್ಟ ಆಹಾರವನ್ನು ಒಳ್ಳೆಯದೆಂದು ಮಾರುವುದೂ ಅವನ ಪಟ್ಟಿಯಲ್ಲಿ ಅಕ್ಕಪಕ್ಕ ಇವೆ. ಡಂಗುರದ ತೊಡಕಿಗೂ ಅವನು ಪರಿಹಾರ ಹೇಳುತ್ತಾನೆ. ದೋಷವನ್ನು ಊರಿಗೆಲ್ಲ ಸಾರಬೇಕಿಲ್ಲ; ಸಾರಿದರೆ ವಸ್ತುವಿನ ಬೇರೆ ಗುಣಗಳನ್ನು ನೋಡುವ ಮೊದಲೇ ಜನ ದೂರ ಸರಿಯುತ್ತಾರೆ. ಕೊಳ್ಳಲು ಮುಂದೆ ಬಂದವನಿಗೆ ಹೇಳಿದರೆ ಸಾಕು. ಅವನು ಒಳಿತು ಕೆಡಕನ್ನು ತೂಗಿ ನೋಡಿಕೊಳ್ಳುತ್ತಾನೆ.

ಇಸ್ಲಾಮೀ ಪರಂಪರೆಯಲ್ಲಿ ದೋಷ ಮುಚ್ಚಿಟ್ಟ ಮಾರಾಟದ ಬಗ್ಗೆ ಹೆಸರಾದ ಪ್ರಸಂಗವೊಂದು 'ಸಹೀಹ್ ಮುಸ್ಲಿಂ' ಸಂಗ್ರಹದಲ್ಲಿದೆ. ಪ್ರವಾದಿಗಳು ಪೇಟೆಯಲ್ಲಿ ಧಾನ್ಯದ ರಾಶಿಯೊಳಕ್ಕೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದ. ನೆನೆದದ್ದನ್ನು ಜನ ಕಾಣುವಂತೆ ಮೇಲಿಡಬೇಕಿತ್ತು, ವಂಚಿಸುವವನು ನಮ್ಮವನಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದರು. ಇಂಥ ನಿಲುವಿನ ಮೇಲೆ ಬೆಳೆದ ಫಿಕ್ಹ್ ಎಂಬ ಇಸ್ಲಾಮೀ ನ್ಯಾಯಶಾಸ್ತ್ರ, ಒಳದೋಷ ಕಂಡುಬಂದಾಗ ವ್ಯವಹಾರವನ್ನೇ ಮುರಿಯುವ ಆಯ್ಕೆಯನ್ನು ಕೊಂಡವನಿಗೆ ಕೊಡುತ್ತದೆ.

ಭಾರತದ ಗ್ರಂಥಗಳಲ್ಲಿ ಈ ವಿಚಾರ ಹಲವು ಕಡೆ ಹರಡಿಕೊಂಡಿದೆ. ಕಲಬೆರಕೆಯಾದದ್ದನ್ನು, ಸತ್ವವಿಲ್ಲದ್ದನ್ನು, ಅಳತೆಯಲ್ಲಿ ಕಡಿಮೆಯಿರುವುದನ್ನು, ಮರೆಮಾಚಿದ್ದನ್ನು ಮಾರಬಾರದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ವಿಧಿಸುತ್ತದೆ. ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ನಾರದಸ್ಮೃತಿ ಕೊಡುವ ಗಡುವು ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತದೆ: ಕರೆಯುವ ಹಸುವಿಗೆ 3 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ಮುತ್ತುರತ್ನಗಳಿಗೆ 7 ದಿನ. ದೋಷ ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಕೊಳ್ಳುವವನಿಗೆ ರಕ್ಷೆ ಇರಬೇಕೆಂಬುದು ಇದರ ಹಿಂದಿನ ವಿವೇಕ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆಯ ಮಾರಾಟವನ್ನು ನೆರೆಹೊರೆಯ ಕುಟುಂಬಗಳ ಎದುರು, ಆ ಮನೆಯ ಮುಂದೆಯೇ ಸಾರಬೇಕು. ನಂಟರ ಮತ್ತು ನೆರೆಯವರ ಮೊದಲ ಹಕ್ಕನ್ನು ಕಾಯುವುದು ಈ ನಿಯಮದ ಕೆಲಸ. ಆದರೂ ಮನೆಯ ಒಳಹೊರಗು ಬಲ್ಲವರ ಎದುರಿನಲ್ಲಿ ನಡೆಯುವ ಮಾರಾಟದಲ್ಲಿ ಸುಳ್ಳಿಗೆ ಜಾಗ ಕಡಿಮೆ. ಜೈನ ಶ್ರಾವಕನ ಸತ್ಯಾಣುವ್ರತ ಐದು ದೊಡ್ಡ ಸುಳ್ಳುಗಳನ್ನು ಹೆಸರಿಸಿ ನಿಷೇಧಿಸುತ್ತದೆ. 12ನೆಯ ಶತಮಾನದ ಹೇಮಚಂದ್ರನ 'ಯೋಗಶಾಸ್ತ್ರ' ಕೊಡುವ ಆ ಪಟ್ಟಿಯಲ್ಲಿ ಕನ್ಯೆ, ಗೋವು, ಒತ್ತೆಯಿಟ್ಟ ಸೊತ್ತು, ಸಾಕ್ಷ್ಯ ಇವುಗಳ ಜೊತೆ ಭೂಮಿಯ ವಿಷಯದ ಸುಳ್ಳೂ ಇದೆ.

ಭಾರತದ ಕಾನೂನಿನಲ್ಲಿ ಡಯೋಜಿನಿಸ್ ಮತ್ತು ಆಂಟಿಪೇಟರ್ ಇಬ್ಬರಿಗೂ ಸ್ಥಾನ ಸಿಕ್ಕಿದೆ. 1872ರ ಕರಾರು ಅಧಿನಿಯಮದ 17ನೆಯ ಕಲಮಿನ ವಿವರಣೆಯಂತೆ, ಮಾತಾಡುವ ಕರ್ತವ್ಯ ಇಲ್ಲದ ಕಡೆ ಬರೀ ಮೌನ ವಂಚನೆಯಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮು ಸ್ಥಿರಾಸ್ತಿಯ ಮಾರಾಟದಲ್ಲಿ ಆ ಕರ್ತವ್ಯವನ್ನು ಹುಟ್ಟಿಸುತ್ತದೆ. ಆಸ್ತಿಯಲ್ಲಿರುವ ಮಹತ್ವದ ದೋಷ ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದಂತಿದ್ದರೆ ಅದನ್ನು ತಿಳಿಸಲೇಬೇಕು, ತಿಳಿಸದಿರುವುದು ವಂಚನೆ. ಹೊಲ ಮನೆಗಳ ವಿಷಯದಲ್ಲಿ ಆಂಟಿಪೇಟರನೇ ಗೆದ್ದಂತಾಯಿತು. ಆದರೆ ಅದೇ ಕಲಮು ಬೇರೆ ಕರಾರು ಇಲ್ಲದಿದ್ದರೆ ಎಂಬ ಷರತ್ತಿನಿಂದ ಆರಂಭವಾಗುತ್ತದೆ. ಅದು ಬಿಗಿಯುವುದೂ ಗೊತ್ತಿದ್ದವನನ್ನು ಮಾತ್ರ.

ಗೊತ್ತಿಲ್ಲದಿರುವುದರ ನೀತಿ

1984ರ ಡಿಸೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕಟ್ಟಲಾಗುತ್ತಿದ್ದ ಲಿಮರಿಕ್ ಅಣುಸ್ಥಾವರದಲ್ಲಿ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ವಿಕಿರಣ ತಪಾಸಣೆಯ ದ್ವಾರ ದಾಟಿದಾಗಲೆಲ್ಲ ಎಚ್ಚರಿಕೆಯ ಗಂಟೆ ಹೊಡೆಯತೊಡಗಿತು. ಹೊರಗಿನಿಂದ ಒಳಗೆ ಬರುವಾಗಲೂ ಅದು ಹೊಡೆದದ್ದರಿಂದ ವಿಕಿರಣ ಸ್ಥಾವರದ್ದಲ್ಲ, ಅವರ ಮನೆಯದು ಎಂದು ಗೊತ್ತಾಯಿತು. ಯುರೇನಿಯಂ ಇರುವ ಬಂಡೆಯ ಮೇಲೆ ನಿಂತಿದ್ದ ಆ ಮನೆಯ ಗಾಳಿಯಲ್ಲಿ ರೇಡಾನ್ ಪ್ರಮಾಣ ಲೀಟರಿಗೆ ಸುಮಾರು 2,700 ಪಿಕೊಕ್ಯೂರಿ ಇತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆಮೇಲೆ ಸರಿಪಡಿಸಿಕೊಳ್ಳಿ ಎಂದು ಸಲಹೆ ಮಾಡಿದ ಮಟ್ಟ ಕೇವಲ 4. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಈ ಅನಿಲ ನೆಲದ ಸಂದುಗಳಿಂದ ಒಳಬಂದು ಮುಚ್ಚಿದ ಕೋಣೆಗಳಲ್ಲಿ ಸೇರಿಕೊಳ್ಳುತ್ತದೆ. ಅದು ಕ್ಷಯಿಸಿದಾಗ ಉಳಿಯುವ ಕಣಗಳು ಶ್ವಾಸಕೋಶದಲ್ಲಿ ಕೂತು ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಧೂಮಪಾನ ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರಿಗೆ ಪ್ರಮುಖ ಕಾರಣ ಇದೇ. ಮನೆಯೊಳಗಿನ ರೇಡಾನಿಗೆ, ವಿಕಿರಣದ ಇನ್ನೊಂದು ಅಳತೆಯಾದ ಬೆಕರೆಲ್ ಲೆಕ್ಕದಲ್ಲಿ, ಘನ ಮೀಟರಿಗೆ 100 ಎಂಬ ಮಟ್ಟವನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಶಿಫಾರಸು ಮಾಡಿದೆ.

ಆ ಮನೆ ಮಾರಿದವರನ್ನು ದೂರಲು ಕಾರಣವಿಲ್ಲ. ಸಾಮಾನ್ಯ ವಾಸದ ಮನೆಯಲ್ಲಿ ಇಷ್ಟು ರೇಡಾನ್ ಇರಬಹುದೆಂದು ಆಗ ಯಾರೂ ಎಣಿಸಿರಲಿಲ್ಲ. ಆದರೆ ಪ್ರಕರಣ ಹೊರಬಿದ್ದ ಮೇಲೆ ಅಜ್ಞಾನದ ಸ್ವರೂಪವೇ ಬದಲಾಯಿತು. ಯಾವ ಪ್ರದೇಶದ ಬಂಡೆಯಲ್ಲಿ ಅಪಾಯ ಹೆಚ್ಚೆಂಬ ನಕ್ಷೆಗಳು ಬಂದವು. ಕೆಳಗಿನ ಅಂತಸ್ತಿನಲ್ಲಿ ಕೆಲವು ದಿನ ಇಟ್ಟು ಪ್ರಯೋಗಾಲಯಕ್ಕೆ ಕಳಿಸುವ ಇದ್ದಿಲಿನ ಪುಟ್ಟ ಡಬ್ಬಿ ಅಗ್ಗದಲ್ಲಿ ಸಿಗತೊಡಗಿತು. ನೆಲದಡಿ ಕೊಳವೆ ಇಳಿಸಿ ಫ್ಯಾನಿನಿಂದ ಅನಿಲವನ್ನು ಹೊರಗೆಳೆಯುವ ವಿಧಾನ ಬಳಕೆಗೆ ಬಂತು. ಅದಾದ ಮೇಲೆ ಅಪಾಯದ ವಲಯದಲ್ಲಿದ್ದೂ ಅಳೆಯದವನ ತಿಳಿಯದಿರುವಿಕೆ ಅರ್ಧ ಆಯ್ಕೆಯೇ ಆಗಿರುತ್ತದೆ.

ಇಂಥ ಅಜ್ಞಾನದ ನೀತಿಯನ್ನು ಇಂಗ್ಲೆಂಡಿನ ಗಣಿತಜ್ಞ, ದಾರ್ಶನಿಕ ಡಬ್ಲ್ಯು.ಕೆ. ಕ್ಲಿಫರ್ಡ್ 1877ರ ಪ್ರಬಂಧವೊಂದರಲ್ಲಿ ಬಿಡಿಸಿಟ್ಟ. ಅವನ ಉದಾಹರಣೆಯಲ್ಲಿ ಹಡಗಿನ ಮಾಲೀಕನೊಬ್ಬನಿಗೆ ತನ್ನ ಹಳೆಯ ಹಡಗಿನ ಬಗ್ಗೆ ಅನುಮಾನವಿದೆ. ರಿಪೇರಿಗೆ ಖರ್ಚಾಗುತ್ತದೆ. ಇಷ್ಟು ಸಲ ದಡ ಸೇರಿದ ಹಡಗು ಈ ಸಲವೂ ಸೇರುತ್ತದೆ, ದೇವರು ಕಾಯುತ್ತಾನೆ ಎಂದು ಮನಸ್ಸನ್ನು ಒಪ್ಪಿಸಿಕೊಂಡು ವಲಸೆಗಾರರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗಿದಾಗ ವಿಮೆಯ ಹಣ ಪಡೆಯುತ್ತಾನೆ. ಅವನ ನಂಬಿಕೆ ಪ್ರಾಮಾಣಿಕವೇ ಆಗಿದ್ದರೂ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ, ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಅವನು ತಪ್ಪಿತಸ್ಥನೇ ಎನ್ನುತ್ತಾನೆ ಕ್ಲಿಫರ್ಡ್. ಅನುಮಾನ ಹುಟ್ಟಿದ ಗಳಿಗೆಯಲ್ಲೇ ವಿಚಾರಿಸುವ ಹೊಣೆಯೂ ಹುಟ್ಟಿತ್ತು. ಅನುಮಾನವನ್ನು ಅದುಮಿದ್ದೇ ಅಪರಾಧ.

ಗೊತ್ತಿದ್ದವನು ಹೇಳಬೇಕು ಎಂಬಷ್ಟಕ್ಕೇ ನಿಲ್ಲುವ ಕಾನೂನು ಈ ಅದುಮುವಿಕೆಗೆ ಬಹುಮಾನ ಕೊಟ್ಟಂತಾಗುತ್ತದೆ. ಅಮೆರಿಕ ವಾಸದ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು 1978ರಲ್ಲಿ ನಿಷೇಧಿಸಿತು. 1992ರ ಕಾಯ್ದೆಯೊಂದು 1978ಕ್ಕೂ ಹಿಂದಿನ ಮನೆಗಳನ್ನು ಮಾರುವವರು, ಬಾಡಿಗೆಗೆ ಕೊಡುವವರು ತಮಗೆ ತಿಳಿದ ಸೀಸದ ಅಪಾಯವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದಿತು. ಕೊಳ್ಳುವವನಿಗೆ ಪರೀಕ್ಷೆಗಾಗಿ 10 ದಿನ ಕೊಟ್ಟಿತು. ಮಾರುವವನೇ ಪರೀಕ್ಷೆ ಮಾಡಿಸಬೇಕೆಂದಾಗಲಿ, ಸೀಸವನ್ನು ತೆಗೆಸಬೇಕೆಂದಾಗಲಿ ಅದು ಹೇಳುವುದಿಲ್ಲ. ಹೀಗಾಗಿ ಪರೀಕ್ಷೆ ಮಾಡಿಸಿದವನಿಗೆ ಹೇಳುವ ಹೊರೆ ಬೀಳುತ್ತದೆ, ಮಾಡಿಸದವನು ತಿಳಿದಿಲ್ಲ ಎಂಬ ಚೌಕಕ್ಕೆ ಗುರುತು ಹಾಕಿ ಸಹಿ ಮಾಡುತ್ತಾನೆ. ಸೀಸದ ವಿಷಯದಲ್ಲಿ ಈ ಅಜ್ಞಾನ ಇನ್ನೂ ವಿಚಿತ್ರ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನ ವೈದ್ಯ ಜೆ. ಲಾಕ್‌ಹಾರ್ಟ್ ಗಿಬ್ಸನ್ 1904ರಷ್ಟು ಹಿಂದೆಯೇ ಮಕ್ಕಳ ಸೀಸಬಾಧೆಗೆ ಜಗಲಿ ಕಟಾಂಜನಗಳ ಬಣ್ಣ ಕಾರಣವೆಂದು ಗುರುತಿಸಿದ್ದರು. ಭಾರತದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಮೊದಲು ಬಳಿದ ಬಣ್ಣ ಹಲವು ಮನೆಗಳ ಬಾಗಿಲು ಕಿಟಕಿಗಳ ಮೇಲೆ ಹೊಸ ಪದರದ ಅಡಿಯಲ್ಲಿ ಹಾಗೆಯೇ ಉಳಿದಿದೆ.

ವಿಚಾರಿಸುವ ಹೊಣೆಗೂ ಮಿತಿ ಇರಬೇಕು; ಇಲ್ಲದಿದ್ದರೆ ಮನೆ ಮಾರುವ ಬಡವ ಪ್ರಯೋಗಾಲಯಗಳನ್ನು ಸುತ್ತುತ್ತಲೇ ಇರಬೇಕಾದೀತು. ಆ ಮಿತಿಯನ್ನು ಮೂರು ಸಂಗತಿಗಳು ಗೊತ್ತುಮಾಡುತ್ತವೆ: ಅನುಮಾನಕ್ಕೆ ಇರುವ ಆಧಾರ, ಅಪಾಯದ ತೀವ್ರತೆ, ಪರೀಕ್ಷೆಯ ಖರ್ಚು. ಆಧಾರ ಗಟ್ಟಿ, ಅಪಾಯ ಪ್ರಾಣಕ್ಕೆ, ಪರೀಕ್ಷೆ ಅಗ್ಗ ಎಂದಾದರೆ ಅಳೆಯದಿರುವುದಕ್ಕೆ ನೆಪ ಉಳಿಯುವುದಿಲ್ಲ. ಕಟ್ಟುವ ಮೊದಲೇ ನೆಲವನ್ನು ವಿಚಾರಿಸುವ ಪದ್ಧತಿ ಭಾರತದಲ್ಲಿ ಹಳೆಯದು. 6ನೆಯ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯ ವಾಸ್ತು ಅಧ್ಯಾಯ ಒಂದು ಮೊಳ ಗುಂಡಿ ತೋಡಿ ಅದೇ ಮಣ್ಣಿನಿಂದ ಮುಚ್ಚಿ ಮಿಕ್ಕಿತೇ ಸಾಲದಾಯಿತೇ ನೋಡಬೇಕು, ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬರುವಷ್ಟರಲ್ಲಿ ಎಷ್ಟು ಇಂಗಿತೆಂದು ನೋಡಬೇಕು ಎನ್ನುತ್ತದೆ. ನೆಲದಡಿ ಉಳಿದ ಮೂಳೆ, ಇದ್ದಿಲು, ಬೂದಿಗಳನ್ನು ಶಲ್ಯವೆಂದು ಕರೆದು ಅವುಗಳ ಫಲವನ್ನೂ ಹೇಳುತ್ತದೆ. ಈ ಗ್ರಂಥ ಕೊಡುವ ಕಾರಣಗಳನ್ನು ಇಂದಿನ ವಿಜ್ಞಾನ ಒಪ್ಪಬೇಕಿಲ್ಲ. ನೆಲದೊಳಗೆ ಏನಿದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕೆಂಬ ಅದರ ಕ್ರಮಕ್ಕೆ ಬೆಲೆ ಇದೆ. ವಾಸ್ತು ಎಂದರೆ ಬಾಗಿಲಿನ ದಿಕ್ಕು ಎಂಬಷ್ಟಕ್ಕೆ ಇಳಿದಿರುವ ಈಗಿನ ನಿವೇಶನ ಪೇಟೆಯಲ್ಲಿ ಕಳೆದುಹೋಗಿರುವುದು ಆ ಕ್ರಮವೇ.

ಹೇಳಿದರೆ ಮುಗಿಯಿತೆ?

ಸಿಸೆರೊನಿಂದ ಸ್ವತ್ತು ವರ್ಗಾವಣೆ ಕಾಯ್ದೆಯವರೆಗೆ ನಡೆದ ಚರ್ಚೆಯೆಲ್ಲ ಮಾರುವವನು, ಕೊಳ್ಳುವವನು ಎಂಬ ಇಬ್ಬರ ನಡುವಿನದು. ದೋಷ ಹೇಳಿ, ಬೆಲೆ ಇಳಿಸಿ, ಇಬ್ಬರೂ ಒಪ್ಪಿದರೆ ಅನ್ಯಾಯವಿಲ್ಲ. ಮನೆಯ ಬೆಲೆಗೆ ಸಂಬಂಧಿಸಿ ಇದು ಸರಿ. ಆರೋಗ್ಯದ ವಿಷಯಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ. ಸೀಸದ ಬಣ್ಣದ ಪುಡಿಯನ್ನು ನುಂಗುವುದು ನೆಲದ ಮೇಲೆ ಅಂಬೆಗಾಲಿಟ್ಟು ಕೈಯನ್ನು ಬಾಯಿಗಿಡುವ ಮಗು. ಅದರ ಮೆದುಳಿಗೆ ಆಗುವ ಹಾನಿ ತಿರುಗಿ ಸರಿಹೋಗುವುದಿಲ್ಲ. ಬೆಲೆಯಲ್ಲಿ ಸಿಕ್ಕ ರಿಯಾಯಿತಿ ತಂದೆಯ ಜೇಬಿಗೆ, ಕೇಡು ಮಗುವಿನ ಮೈಗೆ. ಕೊಳ್ಳುವವನ ವಿವೇಕಕ್ಕೆ ಬಿಟ್ಟದ್ದು ಎಂಬ ಡಯೋಜಿನಿಸನ ಮಾತು ವಿವೇಕ ಇನ್ನೂ ಮೂಡದವರ ವಿಷಯದಲ್ಲಿ ನಿಲ್ಲುವುದಿಲ್ಲ. ಮುಂದೆ ಬರುವ ಬಾಡಿಗೆದಾರ, ಮನೆಗೆಲಸದವಳು, ಮರುಮಾರಾಟದಲ್ಲಿ ಕೊಳ್ಳುವವನು ಯಾರೂ ಆ ಒಪ್ಪಂದದಲ್ಲಿ ಪಾಲುದಾರರಲ್ಲ. ಬೇರೆಡೆ ಮನೆ ಕೊಳ್ಳುವ ಶಕ್ತಿಯಿಲ್ಲದೆ ಗೊತ್ತಿದ್ದೂ ವಿಷದ ಮನೆಗೆ ಸಹಿ ಹಾಕುವವನ ಒಪ್ಪಿಗೆಯೂ ಪೂರ್ತಿ ಸ್ವತಂತ್ರವಾದದ್ದಲ್ಲ.

ಬೈಬಲ್ಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡ ಈ ಪ್ರಶ್ನೆಯನ್ನು ಬೇರೊಂದು ತುದಿಯಿಂದ ಹಿಡಿಯುತ್ತದೆ. ಅದರ 14ನೆಯ ಅಧ್ಯಾಯದಲ್ಲಿ ಗೋಡೆಗೆ ತಗಲುವ ಕುಷ್ಠದ ವಿಧಿಗಳಿವೆ. ಮಾರಾಟದ ಮಾತೇ ಅಲ್ಲಿಲ್ಲ. ಗೋಡೆಯಲ್ಲಿ ಹಸಿರೋ ಕೆಂಪೋ ಆದ ತಗ್ಗುಗಲೆ ಕಂಡರೆ ಮನೆಯವನು ತಾನೇ ಯಾಜಕನ ಬಳಿ ಹೋಗಿ, ಮನೆಯಲ್ಲಿ ಕುಷ್ಠದಂಥದ್ದೇನೋ ತೋರುತ್ತಿದೆ ಎಂದು ಅರಿಕೆ ಮಾಡಿಕೊಳ್ಳಬೇಕು. ಯಾಜಕ ಬಂದು ನೋಡಿ ಮನೆಯನ್ನು 7 ದಿನ ಮುಚ್ಚಿಸುತ್ತಾನೆ. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಗಾರೆ ಕೆರೆದು ಊರಾಚೆ ಎಸೆದು, ಹೊಸ ಕಲ್ಲು ಗಾರೆ ಹಾಕಬೇಕು. ಮತ್ತೆ ಬಂದರೆ ಮನೆಯನ್ನೇ ಕೆಡವಿ ಕಲ್ಲು, ಮರ, ಮಣ್ಣನ್ನು ಊರಾಚೆಯ ಅಶುದ್ಧ ಜಾಗಕ್ಕೆ ಸಾಗಿಸಬೇಕು. ಬೂಷ್ಟಿನಂಥ ಯಾವುದೋ ನಿಜವಾದ ದೋಷವನ್ನು ಕಂಡೇ ಈ ವಿಧಿ ಹುಟ್ಟಿತೆಂದು ಕೆಲವು ಓದುಗರು ಊಹಿಸಿದ್ದಾರೆ. ಯಹೂದಿ ಪರಂಪರೆಯಲ್ಲಿ ಇದು ಮಾಲೀಕನ ಜಿಪುಣತನದಂಥ ಪಾಪಗಳ ಗುರುತು. ಅಂಥ ಮನೆ ಎಂದೂ ಇರಲಿಲ್ಲವೆಂಬ ಅಭಿಪ್ರಾಯವೂ ತಾಲ್ಮುದಿನಲ್ಲಿ ದಾಖಲಾಗಿದೆ. ಹಾಗಿದ್ದರೂ ವಿಧಿಯ ರಚನೆ ಗಮನಿಸತಕ್ಕದ್ದು: ದೋಷವನ್ನು ವರದಿ ಮಾಡುವುದು ಮಾಲೀಕ, ತೀರ್ಮಾನಿಸುವುದು ಸಮುದಾಯ ನೇಮಿಸಿದವನು, ಪರಿಹಾರ ರಿಪೇರಿ ಅಥವಾ ನಾಶ. ದೋಷವನ್ನು ಇನ್ನೊಬ್ಬನಿಗೆ ದಾಟಿಸುವ ದಾರಿ ಆ ಪಟ್ಟಿಯಲ್ಲೇ ಇಲ್ಲ.

ಈ ವಿಧಿಗಳನ್ನು ವಿವರಿಸುವ, ಯಹೂದಿಗಳ ವಿಧಿಸಂಗ್ರಹವಾದ ಮಿಶ್ನಾದ 'ನೆಗಾಯಿಮ್' ಭಾಗದಲ್ಲಿ ಎರಡು ಸೂಕ್ಷ್ಮ ಸಂಗತಿಗಳಿವೆ. ಎರಡು ಮನೆಗಳ ನಡುವಿನ ಗೋಡೆಗೆ ದೋಷ ತಗುಲಿದರೆ ನೆರೆಯವನೂ ಜೊತೆಗೆ ನಿಂತು ಕಲ್ಲು ಕೀಳಬೇಕು, ಗಾರೆ ಕೆರೆಯಬೇಕು, ಹೊಸ ಕಲ್ಲು ತರಬೇಕು. ಗೋಡೆ ನೆಲ ಕೊಳವೆ ಎಲ್ಲ ಹಂಚಿಕೊಂಡ ಅಪಾರ್ಟ್‌ಮೆಂಟುಗಳಲ್ಲಿ ಒಂದು ಫ್ಲಾಟಿನ ದೋಷ ಒಬ್ಬನದಾಗಿ ಉಳಿಯುವುದಿಲ್ಲ ಎಂಬ ಇಂದಿನ ಅನುಭವಕ್ಕೆ ಇದು ಹತ್ತಿರ. ಇನ್ನೊಂದು, ಯಾಜಕ ಕಾಲಿಡುವ ಮೊದಲು ಮನೆಯನ್ನು ಬರಿದು ಮಾಡಿಸುವ ನಿಯಮ. ಅವನು ಅಶುದ್ಧವೆಂದು ಘೋಷಿಸಿದ ಮೇಲೆ ಒಳಗಿರುವುದೆಲ್ಲ ಅಶುದ್ಧವಾಗುತ್ತದೆ. ತೊಳೆದು ಶುದ್ಧಮಾಡಲಾಗದ ಮಣ್ಣಿನ ಮಡಕೆಗಳಾದರೂ ಮಾಲೀಕನಿಗೆ ಉಳಿಯಲಿ ಎಂಬುದೇ ಇದರ ಉದ್ದೇಶವೆಂದು ರಬ್ಬಿ ಮೇಯಿರ್ ವಿವರಿಸುತ್ತಾನೆ. ಸತ್ಯ ಹೇಳಿದವನ ನಷ್ಟವನ್ನು ಸಾಧ್ಯವಾದಷ್ಟು ತಗ್ಗಿಸಿದರೆ ಮಾತ್ರ ಜನ ಸತ್ಯ ಹೇಳುತ್ತಾರೆಂಬ ತಿಳಿವಳಿಕೆ ಇಲ್ಲಿದೆ.

ಹೇಳಿದ್ದು ತಲುಪಬೇಕಾದವರಿಗೆ ತಲುಪದೆ ಹೋಗುವುದಕ್ಕೆ ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಸಾಕ್ಷಿ. ಅರ್ಧಕ್ಕೆ ನಿಂತ ಹಳೆಯ ಕಾಲುವೆಯೊಂದಕ್ಕೆ ಹೂಕರ್ ಕೆಮಿಕಲ್ ಕಂಪನಿ 1942ರಿಂದ 1953ರವರೆಗೆ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ತುಂಬಿತು. 1953ರಲ್ಲಿ ಆ ಜಾಗವನ್ನು ಅಲ್ಲಿನ ಶಾಲಾ ಮಂಡಳಿಗೆ 1 ಡಾಲರಿಗೆ ಬಿಟ್ಟುಕೊಟ್ಟಿತು. ಅಡಿಯಲ್ಲಿ ರಾಸಾಯನಿಕಗಳಿವೆ, ಮುಂದಿನ ಹಾನಿಗೆ ಕಂಪನಿ ಹೊಣೆಯಲ್ಲ ಎಂದು ಕ್ರಯಪತ್ರದಲ್ಲೇ ಬರೆದಿತ್ತು. ಸಿಸೆರೊ ಕೇಳಿದ್ದನ್ನು ಕಂಪನಿ ಅಕ್ಷರಶಃ ಮಾಡಿತ್ತು. ಜಾಗದ ಮೇಲೆ ಶಾಲೆ ಎದ್ದಿತು, ಸುತ್ತ ಮನೆಗಳು ಎದ್ದವು. ಆ ಮನೆಗಳನ್ನು ಕೊಂಡ ಸಂಸಾರಗಳಿಗೆ ಮೂಲ ಪತ್ರದ ಎಚ್ಚರಿಕೆ ಮುಟ್ಟಲಿಲ್ಲ. 1970ರ ದಶಕದಲ್ಲಿ ರಾಸಾಯನಿಕಗಳು ನೆಲಮಾಳಿಗೆಗಳಿಗೂ ಹಿತ್ತಲುಗಳಿಗೂ ಒಸರತೊಡಗಿದವು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತುರ್ತು ಸ್ಥಿತಿ ಘೋಷಿಸಿದರು. ನೂರಾರು ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಬೇಕಾಯಿತು. ಮಗನ ಶಾಲೆ ವಿಷದ ಮೇಲಿದೆಯೆಂದು ತಿಳಿದ ಗೃಹಿಣಿ ಲೋಯಿಸ್ ಗಿಬ್ಸ್ ನಿವಾಸಿಗಳನ್ನು ಸಂಘಟಿಸಿ ನಡೆಸಿದ ಹೋರಾಟ, 1980ರ ಸೂಪರ್‌ಫಂಡ್ ಕಾಯ್ದೆಯ ಹಿಂದಿನ ದೊಡ್ಡ ಒತ್ತಡಗಳಲ್ಲಿ ಒಂದಾಯಿತು. ವಿಷ ಸುರಿದವನೇ ಶುಚಿಮಾಡುವ ಖರ್ಚು ಹೊರಬೇಕು, ಆಸ್ತಿಯನ್ನು ಮಾರಿದ ಮಾತ್ರಕ್ಕೆ ಆ ಹೊಣೆ ಕಳಚುವುದಿಲ್ಲ ಎಂಬ ನಿಲುವು ಅಲ್ಲಿಂದ ಗಟ್ಟಿಯಾಯಿತು.

ಕರ್ನಾಟಕದ ನೆಲದಲ್ಲಿ

ಕರ್ನಾಟಕದಲ್ಲಿ ಮನೆಯನ್ನೋ ಸೈಟನ್ನೋ ಕೊಳ್ಳುವವರು ಮೂಲ ಪತ್ರ, ಖಾತೆ, ತೆರಿಗೆ ರಸೀದಿ, ಋಣಭಾರ ಪ್ರಮಾಣಪತ್ರಗಳನ್ನು ವಕೀಲರಿಂದ ನೋಡಿಸುತ್ತಾರೆ. ಆಸ್ತಿಯ ಮೇಲೆ ಅಡಮಾನ, ಜಪ್ತಿ, ವ್ಯಾಜ್ಯ ಇಲ್ಲವೆಂದು ಕ್ರಯಪತ್ರದಲ್ಲಿ ಬರೆಸಿಕೊಳ್ಳುತ್ತಾರೆ. ಆ ನೆಲ ಹಿಂದೆ ಕೆರೆಯಂಗಳವಾಗಿತ್ತೇ, ಕಸ ಸುರಿದ ಗುಂಡಿಯಾಗಿತ್ತೇ, ಕೊಳವೆಬಾವಿಯ ನೀರನ್ನು ಪರೀಕ್ಷಿಸಿದ್ದಾರೆಯೇ ಎಂಬುದಕ್ಕೆ ಆ ಪತ್ರಗಳಲ್ಲಿ ಕಲಮಿಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೆಯ ಕಲಮು, ಕಟ್ಟಡದ ರಚನೆ, ಕಾಮಗಾರಿ, ಗುಣಮಟ್ಟ, ಸೌಕರ್ಯಗಳ ದೋಷ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಂಡುಬಂದರೆ ನಿರ್ಮಾಣದಾರ 30 ದಿನದೊಳಗೆ ಉಚಿತವಾಗಿ ಸರಿಪಡಿಸಬೇಕೆನ್ನುತ್ತದೆ. ಐದು ವರ್ಷ ಬಿರುಕಿಗೂ ಸೋರುವಿಕೆಗೂ ಸಾಕು. ಎಲುಬಿಗೆ ಇಳಿಯುವ ಫ್ಲೋರೈಡಿಗೂ ಶ್ವಾಸಕೋಶಕ್ಕೆ ಇಳಿಯುವ ಧೂಳಿಗೂ ಸಾಲದು. ವಸ್ತುವಿಗೆ ತಕ್ಕ ಗಡುವು ಕೊಟ್ಟ ನಾರದಸ್ಮೃತಿಯ ವಿವೇಕ ಇಲ್ಲಿ ನೆನಪಿಗೆ ಬರುವಂಥದ್ದು.

ಮಾರಿದವನನ್ನು ಬೊಟ್ಟು ಮಾಡಿ ತೋರಿಸಲಾಗದ ಅಪಾಯಗಳೂ ಇವೆ. ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಫ್ಲೋರೈಡ್ ಬರುವುದು ಬಂಡೆಯಿಂದಲೇ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಆ ನೀರು ಮನೆಮನೆಗೆ ಬಂತು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ, ದೊಡ್ಡವರ ಕೀಲು ಬೆನ್ನುಗಳ ಬಿಗಿತವಾಗಿ ತೋರಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಕೆಜಿಎಫ್‌ನಲ್ಲಿ ಅಪಾಯ ಮನುಷ್ಯನೇ ಮಾಡಿದ್ದು. ಚಿನ್ನ ಬೇರ್ಪಡಿಸಲು ಸೈನೈಡ್ ಬಳಸಿದ ಅದಿರಿನ ನುಣ್ಣನೆ ಪುಡಿ ಅಲ್ಲಿ ದಿಬ್ಬಗಳಾಗಿ ನಿಂತಿದೆ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಗಾಳಿ ಜೋರಾದಾಗ ಆ ಧೂಳು ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ. ಇಂಥ ಕಡೆ ಆಂಟಿಪೇಟರನ ನೀತಿಗೆ ಕೆಲಸ ಕಡಿಮೆ. ಎಲ್ಲರಿಗೂ ತಿಳಿದ ಅಪಾಯವನ್ನು ಯಾರು ಯಾರಿಗೆ ಹೇಳಬೇಕು? ಇಲ್ಲಿ ಬೇಕಾದದ್ದು ಮಿಶ್ನಾದ ನೆರೆಯವನಂತೆ ಜೊತೆಗೆ ನಿಂತು ಕಲ್ಲು ಕೀಳುವ ಹೊಣೆ. ಹಳ್ಳಿಗಳಲ್ಲಿ ಸಾರ್ವಜನಿಕ ಹಣದಿಂದ ನಿಂತ ಶುದ್ಧ ಕುಡಿಯುವ ನೀರಿನ ಘಟಕಗಳು ಆ ಹೊಣೆಯ ಒಂದು ರೂಪ. ಅವು ಕೆಟ್ಟು ನಿಂತಾಗ ಆ ಹೊಣೆಯೂ ನಿಂತಂತೆ.

ಹೊಣೆಯ ಹಂಚಿಕೆ

ಮೂರು ಪ್ರಶ್ನೆಗಳಿಗೂ ಸಿಗುವ ಉತ್ತರಗಳು ಹೀಗೆ ಒಂದರ ಮೇಲೊಂದು ನಿಲ್ಲುತ್ತವೆ. ತಿಳಿದದ್ದನ್ನು ಹೇಳುವುದು ಮಾರುವವನ ಕರ್ತವ್ಯ. ಇದರಲ್ಲಿ ಧರ್ಮಗಳಿಗೂ ಕಾನೂನಿಗೂ ಭಿನ್ನಾಭಿಪ್ರಾಯ ಕಡಿಮೆ. ಅನುಮಾನಕ್ಕೆ ಆಧಾರವಿದ್ದಾಗ ತಿಳಿದುಕೊಳ್ಳುವುದೂ ಕರ್ತವ್ಯವೇ. ಪರೀಕ್ಷೆ ಸುಲಭವಾಗುತ್ತ ಹೋದಂತೆ ಗೊತ್ತಿರಲಿಲ್ಲ ಎಂಬ ಮಾತಿನ ಬೆಲೆ ಇಳಿಯುತ್ತ ಹೋಗುತ್ತದೆ. ಪ್ರಾಣಕ್ಕೆ ಎರವಾಗುವ ದೋಷದ ವಿಷಯದಲ್ಲಿ ಹೇಳುವುದು ಕರ್ತವ್ಯದ ಆರಂಭ ಮಾತ್ರ. ಮಾತಿಗೆ ಕಿವಿಗೊಡಲಾಗದ ಮಕ್ಕಳು, ಒಪ್ಪಂದಕ್ಕೆ ಸಹಿ ಹಾಕದ ನೆರೆಯವರು, ಇನ್ನೂ ಬಾರದ ನಿವಾಸಿಗಳು ಆ ಮನೆಯ ಗಾಳಿ ನೀರನ್ನೇ ಸೇವಿಸಬೇಕಾಗಿರುವುದರಿಂದ, ದೋಷವನ್ನು ಸರಿಪಡಿಸದೆ ಅಥವಾ ಮನೆಯನ್ನು ವಾಸಕ್ಕೆ ಅನರ್ಹವೆಂದು ಮುಚ್ಚದೆ ಆ ಕರ್ತವ್ಯ ತೀರುವುದಿಲ್ಲ. ಈ ಕೊನೆಯ ಹೊರೆ ಒಬ್ಬ ಮಾಲೀಕನ ಹೆಗಲಿಗೆ ಹೆಚ್ಚು. ನೆಲದ ಇತಿಹಾಸವನ್ನು ಕ್ರಯಪತ್ರಗಳ ಜೊತೆಗೆ ಕಾಪಾಡುವುದು, ಅಳೆಯುವವರನ್ನು ನೇಮಿಸುವುದು, ತಾನಾಗಿ ವರದಿ ಮಾಡಿದವನ ನಷ್ಟದಲ್ಲಿ ಪಾಲು ಹೊರುವುದು ಸಮುದಾಯಕ್ಕೂ ಅದರ ಸರ್ಕಾರಕ್ಕೂ ಸೇರಿದ್ದು. ಈ ಪಾಲು ಬಾರದಿದ್ದಲ್ಲಿ ಹೇಳುವುದಕ್ಕಿಂತ ಸುಮ್ಮನಿರುವುದೇ ಲಾಭವೆಂದು ತೋರುವುದರಿಂದ, ಮಾರುವವನ ಮೌನಕ್ಕೆ ಅವನೊಬ್ಬನನ್ನೇ ಹೊಣೆ ಮಾಡುವುದೂ ಅಪೂರ್ಣ ನ್ಯಾಯವಾಗುತ್ತದೆ.